ಯಾವ ಕಾಯಿಯ ನಡೆ ಹೆಚ್ಚು?

ಮಾನ್ಯ ಸಂಪಾದಕರೇ,

ಚದುರಂಗದಲ್ಲಿ ಮಂತ್ರಿಯೇ ಅತಿ ಹೆಚ್ಚು ಓಡಾಡುವ ಕಾಯಿ ಎಂಬ ಮಾತು ನಮ್ಮ ಬಾಗಲಕೋಟೆಯ ಆಟಗಾರರಲ್ಲೂ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಆಟದ ಆರಂಭದಲ್ಲಿ ಬಿಳಿಯವರಿಗೆ ಸಾಧ್ಯವಿರುವ 20 ನಡೆಗಳಲ್ಲಿ 16 ಕಾಲಾಳುಗಳವು, ಉಳಿದ 4 ಕುದುರೆಗಳವು. ಮಂತ್ರಿಗೆ ದಾರಿ ಬಿಡಬೇಕಾದವನೂ ಕಾಲಾಳೇ. ಆದರೆ ಹಿಂದಕ್ಕೆ ಬರಲಾಗದ ಒಬ್ಬ ಕಾಲಾಳು ಎಂಟನೆಯ ಸಾಲು ಮುಟ್ಟುವವರೆಗೆ ಹೆಚ್ಚೆಂದರೆ 6 ಬಾರಿ ನಡೆಯಬಲ್ಲ. ಹೀಗಾಗಿ ಒಟ್ಟಾಗಿ ಎಣಿಸಿದಾಗ ಕಾಲಾಳುಗಳು ಮುಂದಿದ್ದರೂ, ಒಂದೊಂದೇ ಕಾಯಿಯ ಲೆಕ್ಕಕ್ಕೆ ಬಂದರೆ, ದೀರ್ಘ ಆಟಗಳಲ್ಲಿ ಮಂತ್ರಿಗಳು ಬಿದ್ದ ಮೇಲೆ ಕೋಟೆ ಬಿಟ್ಟು ಹೊರಬರುವ ರಾಜನ ನಡೆಗಳೇ ಹೆಚ್ಚಾಗುವುದುಂಟು. ಮಕ್ಕಳಿಗೆ ಕಲಿಸುವವರು (ಮಂತ್ರಿಯ ದಾಳಿಯೊಂದನ್ನೇ ಕಲಿಸುತ್ತಾರೆಂಬುದು ನನ್ನ ದೂರು) ರಾಜ ಮತ್ತು ಕಾಲಾಳುಗಳ ಕೊನೆಯಾಟಕ್ಕೂ ಸಮಯ ಕೊಡಲಿ.

— ಓದುಗ, ನವನಗರ, ಬಾಗಲಕೋಟೆ