ಶಾಸಕರೇ, ಆ ಕಸದ ಗುಂಡಿ ಮುಚ್ಚಿಸಿ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ದೇವನಹಳ್ಳಿ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಚಕ್ರ ಬಿಟ್ಟುಕೊಂಡು ನಮ್ಮ ತಾರಸಿ ಮೇಲೆಯೇ ಹಾದುಹೋಗುತ್ತವೆ. ಸದ್ದಿನ ಬಗ್ಗೆ ನನ್ನ ದೂರಿಲ್ಲ, ಅದಕ್ಕೆ ಒಗ್ಗಿಹೋಗಿದ್ದೇವೆ. ದೂರಿರುವುದು ನಮ್ಮ ಬೀದಿ ಕೊನೆಯ ಗುಂಡಿಯ ಬಗ್ಗೆ. ನಾಲ್ಕು ವರ್ಷಗಳಿಂದ ಅಲ್ಲಿ ರಾತ್ರೋರಾತ್ರಿ ಕೋಳಿ ಅಂಗಡಿಗಳ ತ್ಯಾಜ್ಯ ಸುರಿಯುತ್ತಿದ್ದಾರೆ. ಬೆಳಗಾದರೆ ಆಕಾಶದ ತುಂಬ ಹದ್ದು. ಒಂದು ದಿನ ಎಣಿಸಲು ಕೂತೆ. ಅರವತ್ತಾದ ಮೇಲೆ ಲೆಕ್ಕ ತಪ್ಪಿತು.

ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವ ಕಸ ಹಾಕಬಾರದೆಂದು 1937ರ ವಿಮಾನ ನಿಯಮಗಳ 91ನೇ ನಿಯಮ ಹೇಳುತ್ತದೆ. ನಿಮಗೆ ಗೊತ್ತಿರುವುದೇ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗ ಮಾಂಸದಂಗಡಿಗಳ ಬಾಗಿಲು ಹಾಕಿಸುತ್ತೀರಲ್ಲ, ಇದೇ ಕಾರಣಕ್ಕೆ. ದಿನವೂ ಜನರನ್ನು ಹೊತ್ತು ಇಳಿಯುವ ವಿಮಾನಗಳಿಗೆ ಆ ಕಾಳಜಿ ಬೇಡವೇ?

ಕಳೆದ ತಿಂಗಳು ಆದದ್ದನ್ನು ಕೇಳಿ. ಹನ್ನೊಂದನೇ ದೂರು ಕೊಟ್ಟ ಮೇಲೆ ಒಂದು ಟ್ರ್ಯಾಕ್ಟರ್ ಬಂತು. ಎರಡು ಲೋಡ್ ಮಣ್ಣು ಸುರಿದರು, ಫೋಟೊ ತೆಗೆದುಕೊಂಡರು, ಹೊರಟರು. ಸಂಜೆ ನನ್ನ ಮೊಬೈಲಿಗೆ 'ದೂರು ಇತ್ಯರ್ಥವಾಗಿದೆ' ಎಂಬ ಸಂದೇಶ. ಅದೇ ರಾತ್ರಿ ಆ ಹಸಿ ಮಣ್ಣಿನ ಮೇಲೆಯೇ ಹದಿನಾಲ್ಕು ಚೀಲ ಬಿದ್ದವು! ಬೆಳಿಗ್ಗೆ ಹದ್ದೊಂದು ಕಚ್ಚಿಕೊಂಡು ಹೋಗುತ್ತಿದ್ದ ಕರುಳು ನಮ್ಮ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ನನ್ನ ಹೆಂಡತಿಯ ಮುಂದೆ ಬಿತ್ತು. ನಾವು ಮನುಷ್ಯರಲ್ಲವೇ ಸ್ವಾಮಿ? ಯಾರಿಗೆ ಇತ್ಯರ್ಥವಾಯಿತು?

1990ರ ಫೆಬ್ರವರಿ 14ರಂದು ನಾನು ಮುರುಗೇಶಪಾಳ್ಯದಲ್ಲಿ ಬಾಡಿಗೆಗಿದ್ದೆ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಆಗಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಇದ್ದ 146 ಜನರಲ್ಲಿ 92 ಮಂದಿ ಸತ್ತರು. ಆ ಹೊಗೆ ಕಂಡವನು ನಾನು. ಅಲ್ಲಿ ಹಕ್ಕಿ ಕಾರಣವಲ್ಲ, ಒಪ್ಪುತ್ತೇನೆ. ವಿಮಾನ ತೀರಾ ಕೆಳಗಿಳಿದಿದೆ ಎಂದು ಅರಿತು ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟಾಗ, ಅದು ಚುರುಕಾಗಲು ಬೇಕಿದ್ದ ಕೆಲವೇ ಸೆಕೆಂಡುಗಳು ಉಳಿದಿರಲಿಲ್ಲ. ಇಳಿಯುವ ಹೊತ್ತಿನಲ್ಲಿ ಎತ್ತರವೂ ಇರುವುದಿಲ್ಲ, ವೇಗವೂ ಇರುವುದಿಲ್ಲ. ಅಂಥ ಗಳಿಗೆಯಲ್ಲಿ ಎಂಜಿನ್ನಿಗೆ ಹದ್ದು ನುಗ್ಗಿದರೆ ಪೈಲಟ್ ಏನು ಮಾಡಬೇಕು? 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಹಕ್ಕಿಗಳು ಬಡಿದವು. ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಜಾರಿ, ರನ್‌ವೇ ಆಚೆಯ ದಿಬ್ಬಕ್ಕೆ ಗುದ್ದಿತು. 181 ಜನರಲ್ಲಿ ಉಳಿದವರು ಇಬ್ಬರೇ.

ಗುಂಡಿ ಮುಚ್ಚಿಸಿ. ಫೋಟೊಗಾಗಿ ಬೇಡ, ಪೂರ್ತಿ ಮುಚ್ಚಿಸಿ. ಬೇಲಿ ಹಾಕಿಸಿ, ರಾತ್ರಿ ಕಾವಲಿಡಿಸಿ, ಸುರಿಯುವವರ ಮೇಲೆ ಕೇಸು ಹಾಕಿಸಿ. ಚುನಾವಣೆ ಹೊತ್ತಿನಲ್ಲಿ ನೀವು ಕೈಮುಗಿದು ನಿಂತಿದ್ದು ಆ ಗುಂಡಿಯಿಂದ ನಾಲ್ಕು ಮನೆ ಈಚೆಗೆ. ಮತ್ತೆ ಕೇಳುತ್ತಿದ್ದೇನೆ, ಗುಂಡಿ ಮುಚ್ಚಿಸಿ.

ನಿನ್ನೆ ರಾತ್ರಿ ಹನ್ನೊಂದೂವರೆಗೂ ಟೆಂಪೊ ಬಂದಿತ್ತು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ