ಗುಡಿಗಳ ಜೊತೆಗೆ ಊರೂ ಉಳಿಯಲಿ

ಮಾನ್ಯ ಸಂಪಾದಕರೇ,

ಲಕ್ಕುಂಡಿಯ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಗುಡಿಗಳನ್ನಷ್ಟೇ ಎಣಿಸಿ, ಅವುಗಳ ಸುತ್ತಲಿನ ಊರನ್ನು ಮರೆಯುವುದು ರೂಢಿಯಾಗಿದೆ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಗುಡ್ಡದ ಮೇಲಿರುವ ಸ್ಯಾನ್ ಜಿಮಿನ್ಯಾನೊ ಎಂಬ ಪುಟ್ಟ ಊರನ್ನು ಇಲ್ಲಿ ನೆನೆಯಬಹುದು. ರೋಮ್‌ಗೆ ಹೋಗುವ ಯಾತ್ರಿಕರ ಹಾದಿಯಲ್ಲಿದ್ದು, ಕೇಸರಿಯ ವ್ಯಾಪಾರದಿಂದ ಸಿರಿವಂತವಾಗಿದ್ದ ಅಲ್ಲಿನ ಮನೆತನಗಳು ತಮ್ಮ ದೊಡ್ಡಸ್ತಿಕೆಯನ್ನು ಮೆರೆಯಲೆಂದೇ ಸುಮಾರು 72 ಗೋಪುರಗಳನ್ನು ಕಟ್ಟಿಸಿದ್ದವು. 1348ರ ಪ್ಲೇಗ್ ಊರಿನ ಬೆನ್ನು ಮುರಿಯಿತು. 1353ರಲ್ಲಿ ಅದು ಫ್ಲಾರೆನ್ಸಿನ ಅಧೀನವಾಯಿತು. ಆ ಬಳಿಕ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಸಿರಿ ಉಳಿಯದ ಕಾರಣ, ಬಡತನವೇ ಅದರ ಕಾವಲುಗಾರನಾಯಿತು. ಈಗ ಉಳಿದಿರುವ ಗೋಪುರಗಳು ಹದಿನಾಲ್ಕು ಇರಬಹುದು. ಆದರೆ 1990ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಗೋಪುರಗಳನ್ನಷ್ಟೇ ಅಲ್ಲ, ಕೋಟೆಗೋಡೆಯೊಳಗಿನ ಹಳೆಯ ಊರನ್ನು: ನಡುವೆ ಬಾವಿಯಿರುವ ಚೌಕ, ಭಿತ್ತಿಚಿತ್ರಗಳ ಚರ್ಚು, ಓಣಿಗಳು ಎಲ್ಲವೂ ಅದರಲ್ಲಿವೆ. (ಪ್ರವಾಸಿಗರ ನೂಕುನುಗ್ಗಲು ಅಲ್ಲಿಯೂ ಇದೆ, ಅದನ್ನು ನಾವು ಅನುಕರಿಸಬೇಕಿಲ್ಲ.)

ಅತ್ತಿಮಬ್ಬೆಯ ಬಸದಿ, ಕಾಶಿವಿಶ್ವೇಶ್ವರ ಗುಡಿಗಳಷ್ಟೇ ಮುತುವರ್ಜಿಯಿಂದ ಲಕ್ಕುಂಡಿಯ ಮೆಟ್ಟಿಲುಬಾವಿಗಳನ್ನೂ ಹಳೆಯ ಓಣಿಗಳನ್ನೂ ಕಾಯುವ ಯೋಜನೆಯನ್ನು, ಅಲ್ಲಿ ಬಾಳುವವರ ಒಪ್ಪಿಗೆ ಪಡೆದು, ಸಂಬಂಧಪಟ್ಟವರು ರೂಪಿಸಬೇಕೆಂದು ಕೋರುತ್ತೇನೆ.

– ಓದುಗ, ಗದಗ