‘ಯಾವ ತಿಂಗಳಲ್ಲಿ?’ ಎಂದು ಕೇಳಿದ ಅವ್ವನಿಗೆ

2025ರ ಮಾರ್ಚ್‌ಗೆ ನನ್ನ ಕೆಲಸ ಮುಗಿಯಿತು. ಬಡತನ ನಿವಾರಣೆಯ ಯೋಜನೆಗಳು ಊರುಗಳಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡಿ, ಸರ್ಕಾರಕ್ಕೆ ಶಿಫಾರಸು ಬರೆದುಕೊಡುವ ಸಣ್ಣ ತಂಡವೊಂದರಲ್ಲಿ ಹನ್ನೆರಡು ವರ್ಷ ಇದ್ದೆ. ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಒಳ್ಳೆಯ ಮಾತು ಎಲ್ಲವೂ ಸಿಕ್ಕವು. ಆದರೆ ನನಗೆ ಕೆಲಸ ಕಲಿಸಿದವರು ಯಾರೂ ಆ ಸಭೆಯಲ್ಲಿ ಇರಲಿಲ್ಲ. ಈ ಬರಹ ಅವರಿಗೆ.

ಮೊದಲು, ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಆ ಅವ್ವನಿಗೆ. ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಕೂಲಿ ಕೆಲಸದ ಭರವಸೆ ಕೊಟ್ಟ ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರು ಆ ಪಟ್ಟಿಯಲ್ಲಿತ್ತು. ಏಳು ವರ್ಷ ಕಳೆದರೂ ಜನ ಗುಳೆ ಹೋಗುವುದು ಏಕೆ ನಿಂತಿಲ್ಲ ಎಂದು ತಿಳಿಯಲು 2013ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಅವ್ವ ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿ ಕೇರುತ್ತಿದ್ದರು. ‘ವರ್ಷಕ್ಕೆ ಎಷ್ಟು ದಿನ ಖಾತ್ರಿ ಕೆಲಸ ಬೇಕು?’ ಎಂದು ಕೇಳಿದೆ. ಮೊರ ನಿಂತಿತು.

‘ಯಾವ ತಿಂಗಳಲ್ಲಿ?’

ನನ್ನ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವರೇ ಬಿಡಿಸಿ ಹೇಳಿದರು. ತೊಗರಿ ರಾಶಿ ಆಗುವ ತನಕ ಹೊಲದಲ್ಲಿ ಕೂಲಿ ಇರುತ್ತದೆ. ರಾಶಿ ಮುಗಿದ ವಾರವೇ ಮೇಸ್ತ್ರಿ ಬಂದು, ಮುಂಗಡ ಕೊಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾನೆ. ಅವರ ಊರಿನಲ್ಲಿ ಖಾತ್ರಿ ಕೆಲಸ ಶುರುವಾಗುತ್ತಿದ್ದದ್ದು ಶಿವರಾತ್ರಿ ಕಳೆದ ಮೇಲೆ. ‘ಅಷ್ಟರಲ್ಲಿ ನಾವು ಊರಿನಲ್ಲೇ ಇರುವುದಿಲ್ಲ, ತಾಯಿ. ನೂರು ದಿನ ಇದ್ದರೇನು, ಇನ್ನೂರು ಇದ್ದರೇನು?’

ಅದಕ್ಕೂ ಮೊದಲು ಒಂದು ಟಿಪ್ಪಣಿಯಲ್ಲಿ ನಾನು ‘ಕೆಲಸಕ್ಕೆ ಬೇಡಿಕೆ ಕಡಿಮೆ’ ಎಂದು ಬರೆದಿದ್ದೆ. ಕಂಪ್ಯೂಟರಿನಲ್ಲಿದ್ದ ಅಂಕಿಗಳು ಹಾಗೆಯೇ ಹೇಳುತ್ತಿದ್ದವು. ಆ ಸಾಲಿಗಾಗಿ ಇಂದಿಗೂ ಕ್ಷಮೆ ಕೇಳುತ್ತೇನೆ.

ಆ ಅಂಕಿ ಎಲ್ಲಿ ತಪ್ಪುತ್ತದೆ ಎಂದು ತೋರಿಸಿದವರು ಅದೇ ಜಿಲ್ಲೆಯ ಇನ್ನೊಂದು ಊರಿನ ಕೂಲಿಕಾರ ಮಹಿಳೆಯರು. ಕೆಲಸ ಕೇಳಿ ನಮೂನೆ 6ರಲ್ಲಿ ಅರ್ಜಿ ಕೊಟ್ಟವರಿಗೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎನ್ನುತ್ತಿತ್ತು ಉದ್ಯೋಗ ಖಾತ್ರಿ ಕಾನೂನು. ಆದರೆ ಆ 15 ದಿನದ ಲೆಕ್ಕ ಹಿಡಿಯಲು ಕೈಯಲ್ಲಿ ತಾರೀಖು ಇರುವ ಸ್ವೀಕೃತಿ ಚೀಟಿ ಇರಬೇಕಿತ್ತು. ‘ಅರ್ಜಿ ಇಟ್ಟು ಹೋಗಿ’ ಎಂದು ಹೇಳಿ ಕಳುಹಿಸಿದರೆ ಅವರು ಕೇಳಿದ್ದೇ ದಾಖಲಾಗುತ್ತಿರಲಿಲ್ಲ. ಬೇಡಿಕೆ ‘ಕಡಿಮೆ’ಯಾಗುತ್ತಿದ್ದದ್ದು ಅಲ್ಲಿ. ನಾನು ಹೋದ ದಿನ ಆ ಮಹಿಳೆಯರು ಚೀಟಿಗಾಗಿ ಪಂಚಾಯಿತಿ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತರು. ಕೊನೆಗೆ ಚೀಟಿ ಕೈಗೆ ಬಂದಾಗ, ಓದಲು ಬಾರದ ಒಬ್ಬ ಅಕ್ಕ ಅದನ್ನು ಬೆಳಕಿಗೆ ಹಿಡಿದು, ಸೀಲಿನ ಮೇಲೆ ಬೆರಳಿಟ್ಟು, ‘ಇದು ಸೀಲು, ತಾರೀಖು ಎಲ್ಲಿ?’ ಎಂದು ಕೇಳಿದರು. ಆಮೇಲೆ ನಾನು ಹೋದ ಪ್ರತಿ ಪಂಚಾಯಿತಿಯಲ್ಲೂ ಮೊದಲು ನೋಡಿದ್ದು ಆ ತಾರೀಖನ್ನೇ.

ಮಕ್ಕಳ ವಿಷಯದಲ್ಲಿಯೂ ನನಗೆ ಅರ್ಧವೇ ಗೊತ್ತಿತ್ತು. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಕೂಲಿ ಕೊಡಬೇಕೆಂಬ ನಿಯಮವಿತ್ತು. ನಾಲೆಯ ಹೂಳೆತ್ತುವ ಒಂದು ಜಾಗದಲ್ಲಿ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿದ್ದರು, ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲೇ ಒಬ್ಬ ಹುಡುಗಿ ನಿಂತು ತೂಗುತ್ತಿದ್ದಳು. ನಾನು ಕೂಸಿನ ಬಗ್ಗೆ ವಿಚಾರಿಸುತ್ತಿದ್ದೆ. ತಾಯಿ ಸಲಿಕೆ ಊರಿ ನಿಂತು ಹೇಳಿದರು: ‘ಕೂಸಿನ ಚಿಂತೆಯಲ್ಲ ಮೇಡಂ. ಇವಳು ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ.’ ಮುಂದೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಗಳು ತೆರೆಯತೊಡಗಿದಾಗ ನನ್ನ ಕಣ್ಣ ಮುಂದೆ ಬಂದದ್ದು ಜೋಲಿ ತೂಗುತ್ತಿದ್ದ ಆ ಹುಡುಗಿಯ ಸಮವಸ್ತ್ರ.

ಅವ್ವನ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್‌ಗೆ ದೊಡ್ಡ ಋಣವಿದೆ. ಹಣ ತಡವಾದರೆ ಎಲ್ಲರೂ ಬೈಯುವುದು ಅವನನ್ನೇ, ನಾನೂ ಅವನನ್ನು ಸಂಶಯದಿಂದಲೇ ನೋಡಿದ್ದೆ. 2024ರ ಜನವರಿಯಿಂದ ಖಾತ್ರಿ ಕೂಲಿಗೆ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದಾಗ ಅವನು ಒಂದು ರಾತ್ರಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆ ತೋರಿಸಿದ. ಖಾತ್ರಿ ಕೆಲಸದ ಜಾಬ್ ಕಾರ್ಡಿನಲ್ಲಿ ಹುಲಿಗೆವ್ವ, ಆಧಾರ್‌ನಲ್ಲಿ ಹುಲಿಗೆಮ್ಮ. ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ ಹೆಸರು, ಪರದೆಗೆ ಇಬ್ಬರು ಹೆಂಗಸರು. ಆ ವರ್ಷದ ಏಪ್ರಿಲ್‌ನಿಂದ ದಿನದ ಕೂಲಿ 349 ರೂಪಾಯಿ. ಒಂದು ಒತ್ತಕ್ಷರಕ್ಕಾಗಿ ಒಂದು ವಾರದ ದುಡಿಮೆ ತಡೆಯುವುದು ಬೇಡ ಎಂದು ಅವನು ಹೆಸರು ತಿದ್ದಲು ಸರ್ವರ್ ಸಿಗುವ ತನಕ ಕಾಯುತ್ತಿದ್ದ, ಊಟದ ಡಬ್ಬಿ ತೆರೆಯದೆ.

ತುಂಬಿದ ಸಭೆಯಲ್ಲಿ ‘ಹೊಸ ರಿಜಿಸ್ಟರ್ ಸೇರಿಸುವ ಮೊದಲು ಹಳೆಯದರಲ್ಲಿ ಯಾವುದನ್ನು ತೆಗೆಯುತ್ತೀರಿ?’ ಎಂದು ನನ್ನನ್ನು ಕೇಳಿದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ ನಮಸ್ಕಾರ. ಹೊಸ ರಿಜಿಸ್ಟರಿನ ಆ ಶಿಫಾರಸನ್ನು ನಾವು ಕೈಬಿಟ್ಟೆವು, ಕೈಬಿಟ್ಟದ್ದೇ ಸರಿ.

ನಮ್ಮ ಶಿಫಾರಸುಗಳೆಲ್ಲ ಜಾರಿಗೆ ಬರಲಿಲ್ಲ. ತಿಂಗಳಿಗೊಂದು ಕಾಲಂ ಇರುವ ಹೊಸ ಪ್ರಶ್ನೆಪಟ್ಟಿಯನ್ನು ಅವ್ವನಿಗೆ ತೋರಿಸಬೇಕೆಂದು 2015ರ ಜನವರಿಯಲ್ಲಿ ಹೋದರೆ ಮನೆಗೆ ಬೀಗ ಬಿದ್ದಿತ್ತು. ಗುಳೆ ಹೋಗಿದ್ದರು.

ಈ ಯುಗಾದಿಗೆ ಆ ಆಪರೇಟರ್ ಫೋನ್ ಮಾಡಿದ್ದ. ಅವ್ವನಿಗೆ ಈಗ ಮೊಣಕಾಲು ನೋವು, ಊರಿನಲ್ಲೇ ಇರುತ್ತಾರಂತೆ. ಮಗ ಮತ್ತು ಸೊಸೆ ಹಬ್ಬಕ್ಕೆ ಬಂದಿದ್ದಾರೆ, ಮತ್ತೆ ಬೆಂಗಳೂರಿಗೆ ಹೋಗುವವರು. ಅವರು ಬಸ್ ಹತ್ತುವ ಮೊದಲು ಮೂವರನ್ನೂ ಕೂರಿಸಿಕೊಂಡು ಇದನ್ನು ಓದಿ ಹೇಳು ಎಂದು ಅವನಿಗೆ ಹೇಳಿದ್ದೇನೆ.